ಜೊಳ್ಳುಗುಂಡಿಗೆ ಬಿದ್ದ ಕರೆ

ನಮ್ಮೂರಿನಲ್ಲಿ ಒಂದೇ ಮಾತನ್ನು ಐದಾರು ಮನೆಗೆ ಹೇಳಿದರೆ ಅದರ ಮುಂದಿನ ಮನೆಯ ಹೊಸ್ತಿಲು ಆ ಮಾತನ್ನು ಒಳಗೆ ಬಿಡುವುದಿಲ್ಲ. ಬೀದಿಯಲ್ಲಿ ನಿಂತು ಬಾಗಿಲಿನ ಕಡೆ ಮುಖ ಮಾಡಿ ಹೇಳುವುದು ಇಲ್ಲಿಯ ರೀತಿ. ಕೇಳಿಸಿದರೆ ಒಳಗಿನಿಂದ "ಆಯ್ತು" ಅಂತ ಬರುತ್ತದೆ. ಹೊಸ್ತಿಲಿಗೆ ಒಪ್ಪಿಗೆಯಾಗದ ಮಾತು ಮನೆಯನ್ನು ಒಂದು ಸುತ್ತು ಹಾಕಿ ಹಿತ್ತಲಿಗೆ ಹೋಗಿ ಅಲ್ಲಿರುವ ಗುಂಡಿಗೆ ಬೀಳುತ್ತದೆ. ಅದಕ್ಕೆ ಜೊಳ್ಳುಗುಂಡಿ ಅಂತ ಹೆಸರು. ಪ್ರತಿ ಮನೆಗೂ ಒಂದಿದೆ, ನುಗ್ಗೆಮರದ ಬುಡದಲ್ಲೋ ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲೋ. ಕೋಲು ಹಾಕಿ ಕೆದಕಿದರೆ ಒಳಗಿನಿಂದ ಮಾತುಗಳು ಏಳುತ್ತವೆ. "ಇವತ್ತೇ ಕೊನೇ ದಿನ." "ಒಂದು ಕೊಂಡರೆ ಒಂದು ಪುಕ್ಕಟೆ." "ನಾನು ನಿಮ್ಮ ಮನೆ ಮಗ, ಮರೀಬೇಡಿ." ಯುಗಾದಿಗೆ ಮುಂಚೆ ಅದನ್ನೆಲ್ಲ ಬಗೆದು ತರಕಾರಿ ಗಿಡಗಳಿಗೆ ಹಾಕುತ್ತಾರೆ. ಚುನಾವಣೆಯ ವರ್ಷ ನಮ್ಮಲ್ಲಿ ಬದನೆಕಾಯಿ ದಪ್ಪ ಬರುತ್ತದೆ.

ಚಿಕ್ಕವಳಿದ್ದಾಗ ನಾನು ಮಧ್ಯಾಹ್ನ ಹೊತ್ತು ನಮ್ಮ ಗುಂಡಿಯ ಪಕ್ಕ ಬೋರಲು ಮಲಗಿ ಕಿವಿ ಕೊಟ್ಟು ಕೇಳುತ್ತಿದ್ದೆ. ಬಳೆಯವನ ಕೂಗು ಅಡಿಯಲ್ಲಿ, ಅದರ ಮೇಲೆ ಚಾಪೆಯವನದು, ಅದರ ಮೇಲೆ ಯಾರದೋ ಮದುವೆಯ ಕರೆ. ಮದುವೆ ಮುಗಿದು ಮಗುವಾಗಿರುತ್ತಿತ್ತು, ಕರೆ ಇನ್ನೂ ಗುಂಡಿಯಲ್ಲಿ "ತಪ್ಪದೆ ಬನ್ನಿ, ತಪ್ಪದೆ ಬನ್ನಿ" ಅನ್ನುತ್ತಿರುತ್ತಿತ್ತು. ನನಗೆ ಅದನ್ನು ಕೇಳಿದರೆ ಪಾಪ ಅನ್ನಿಸುತ್ತಿತ್ತು. ಅಜ್ಜಿ ಬಂದು ಜಡೆ ಹಿಡಿದು ಎಬ್ಬಿಸಿ, "ಬಿದ್ದ ಮಾತು ಕೇಳಬೇಡ, ಕಿವಿ ಹುಳಿಯಾಗುತ್ತೆ" ಅನ್ನುತ್ತಿದ್ದಳು.

ಅಜ್ಜಿಯ ಕಥೆಗಳು ಎರಡು ಸಲ ಒಂದೇ ಥರ ಇರುತ್ತಿರಲಿಲ್ಲ. ಒಬ್ಬಳೇ ರಾಜಕುಮಾರಿ, ಇವತ್ತು ಅವಳು ಬಾವಿಗೆ ಬಿದ್ದರೆ ನಾಳೆ ಬಾವಿಯೇ ಅವಳ ಮೇಲೆ ಬೀಳುತ್ತಿತ್ತು. ನಿನ್ನೆ ಹಾಗೆ ಹೇಳಿದೆಯಲ್ಲಜ್ಜಿ ಅಂದರೆ, "ನಿನ್ನೆ ಹೇಳಿದ್ದು ನಿನ್ನೆಯ ಹುಡುಗಿಗೆ" ಅನ್ನುತ್ತಿದ್ದಳು. ಅವಳಿಂದ ನನಗೆ ಬಂದ ಆಸ್ತಿ ಅದೊಂದೇ, ಅದರಲ್ಲೇ ನನ್ನ ಕಸುಬೂ ಆಯಿತು. ನಾನು ಕರೆಯುವವಳು. ಯಾರ ಮನೆಯಲ್ಲಿ ಮದುವೆ, ಮುಂಜಿ, ನಾಮಕರಣ ಇದ್ದರೂ ನನ್ನನ್ನು ಕಳಿಸುತ್ತಾರೆ; ನಾನು ಮನೆಮನೆಗೆ ಬೇರೆ ಬೇರೆ ಮಾತು ಕಟ್ಟಿ ಹೇಳುತ್ತೇನೆ. ತಿಂಡಿಪ್ರಿಯರ ಮನೆಯ ಮುಂದೆ ನಿಂತು ಚಿರೋಟಿಯ ಪದರಗಳ ವಿಷಯ ಹೇಳುತ್ತೇನೆ. ಜಂಬದವರ ಮನೆಯ ಮುಂದೆ, "ನೀವು ಬರೋ ತನಕ ತಾಳಿ ಕಟ್ಟಲ್ಲ ಅಂತ ಹುಡುಗ ಹಠ ಹಿಡಿದಿದಾನೆ" ಅನ್ನುತ್ತೇನೆ. ಮೂರನೆಯವರಿಗೆ, "ನಿಮ್ಮ ನಾದಿನಿ ಹೊಸ ಸರ ಹಾಕ್ಕೊಂಡು ಬರ್ತಾರಂತೆ." ಹೊಸ್ತಿಲು ಪ್ರತಿಯೊಂದನ್ನೂ ಸರಾಗವಾಗಿ ಒಳಗೆ ಬಿಡುತ್ತದೆ. ಹುಡುಗ ಹಠ ಹಿಡಿದಿರುವುದಿಲ್ಲ, ನಾದಿನಿಯ ಹತ್ತಿರ ಸರ ಇರುವುದಿಲ್ಲ. ಜನ ಬರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ. ನನಗೆ ತೆಂಗಿನಕಾಯಿ, ಕುಪ್ಪಸದ ಬಟ್ಟೆ ಸಿಗುತ್ತದೆ.

ಒಮ್ಮೆ ಪರವೂರಿನವನೊಬ್ಬ ಎಣ್ಣೆ ಮಾರಲು ಬಂದ. ಅದನ್ನು ಕನ್ನಡಿಗೆ ಸವರಿದರೆ ಅದರೊಳಗೆ ನಮ್ಮ ವಯಸ್ಸು ಕಮ್ಮಿ ಕಾಣುತ್ತದಂತೆ. ಅವನು ಬಂದವನೇ ಕೂಗಲಿಲ್ಲ. ಬಾವಿಕಟ್ಟೆಯ ಮೇಲೆ ಒಂದು ಬೆಳಿಗ್ಗೆ ಕೂತು ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಮೊಣಕಾಲು ನೋವು, ಯಾರ ಹಸು ಕರು ಹಾಕಿದೆ ಎಲ್ಲ ಕೇಳಿಕೊಂಡ. ಆಮೇಲೆ ಒಂದೊಂದು ಮನೆಯ ಮುಂದೆ ನಿಂತು ಹೆಸರು ಹಿಡಿದು ಮಾತಾಡಿಸಿದ. ಊರಿನ ಒಂದು ಹೊಸ್ತಿಲೂ ಅವನನ್ನು ತಡೆಯಲಿಲ್ಲ. ಅಮ್ಮನೂ ಎರಡು ಸೀಸೆ ತೆಗೆದುಕೊಂಡಳು. ಕನ್ನಡಿ ಪೂರ್ತಿ ಮಸುಕಾಗಿ ಹೋಯಿತು. ವಯಸ್ಸು ಕಾಣುವುದು ಕಮ್ಮಿಯಾದದ್ದು ನಿಜವೇ ಆದ್ದರಿಂದ ಯಾರೂ ಅವನನ್ನು ಬೈಯಲಿಲ್ಲ, ಹೊಸ್ತಿಲನ್ನೂ ಬೈಯಲಿಲ್ಲ.

ಇಷ್ಟು ಹೇಳಿದ್ದು ಚೂಡಾಮಣಿಯಮ್ಮನ ವಿಷಯಕ್ಕೆ ಬರುವುದಕ್ಕೆ.

ಚೂಡಾಮಣಿಯಮ್ಮ ನಮ್ಮೂರಿನವರಲ್ಲ. ಕೊಡೆ ರಿಪೇರಿ ಮಾಡುವ ಸೋಮಯ್ಯನವರ ಹೆಂಡತಿಯಾಗಿ, ಗಂಡನ ಜೊತೆ, ನಾನು ಹುಟ್ಟುವ ಮೊದಲು ಬಂದವರು. ಸೋಮಯ್ಯನವರು ಹುಣಸೆಮರದ ಕೆಳಗೆ ಕೂತು ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತಿದ್ದರು. ಊರಿನವರೆಲ್ಲ ಅವರನ್ನು ಮರದ ಕೆಳಗೇ ನೋಡಿದವರು, ಮಾತಾಡಿದವರು, ಮರಕ್ಕೆ ಹೊಸ್ತಿಲಿಲ್ಲ. ಚೂಡಾಮಣಿಯಮ್ಮ ಮಾತ್ರ ಮನೆಬಿಟ್ಟು ಹೊರಗೆ ಬರುತ್ತಿದ್ದದ್ದು ಕಮ್ಮಿ. ಪ್ರತಿ ಬೇಸಿಗೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಹಾಕಿ, ಮನೆಗೊಂದು ಸಣ್ಣ ಭರಣಿಯಂತೆ ಎಲ್ಲರ ಬಾಗಿಲಲ್ಲೂ ಇಟ್ಟು, ಒಂದು ಮಾತೂ ಆಡದೆ ಬಂದುಬಿಡುತ್ತಿದ್ದರು. ಊರೆಲ್ಲ ಆ ಉಪ್ಪಿನಕಾಯಿ ತಿನ್ನುತ್ತಿತ್ತು, "ಏನು ಗತ್ತು ಆಯಮ್ಮಂಗೆ" ಅನ್ನುತ್ತಲೂ ಇತ್ತು.

"ಗತ್ತಲ್ಲದೆ ಇನ್ನೇನು?" ಅಮ್ಮ ಮಿಡಿ ಚೀಪುತ್ತ ಹೇಳುತ್ತಿದ್ದಳು. "ಕೊಡೋದು ಗೊತ್ತು, ಕೇಳೋದು ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಂದು ಎಸಳು ಕರಿಬೇವು ಕೇಳಿದಾಳಾ? ಸ್ವಲ್ಪ ಹೆಪ್ಪು ಕೊಡಿ ಅಂದಿದಾಳಾ? ಹೊಸ್ತಿಲಿಗೆ ಅವಳ ಗುರುತು ಹೇಗಾಗಬೇಕು?"

ನನಗೆ ಅವರು ಅತ್ತೆ. ರಕ್ತಸಂಬಂಧವೇನಿಲ್ಲ, ಕರೆದು ಕರೆದು ಆದ ಅತ್ತೆ. ಅಜ್ಜಿ ಹೋದಮೇಲೆ ನಾನು ಅವರ ಮನೆಗೆ ಹೋಗಿ ಕಥೆ ಹೇಳುತ್ತಿದ್ದೆ. ಅವರು ಹತ್ತಿಯ ಬತ್ತಿ ಹೊಸೆಯುತ್ತ ಕೇಳಿಸಿಕೊಂಡು, ಮಾರನೇ ದಿನ, "ನಿನ್ನೆಯದೇ ಹೇಳು" ಅನ್ನುವರು. ನಾನು ಎಲ್ಲಾದರೂ ಬದಲಿಸಿದರೆ ಬತ್ತಿ ಕೆಳಗಿಡುವರು. "ಹಂಗಲ್ಲ. ಅವಳು ಬಾವಿಗೆ ಬಿದ್ದಳು ಅಂತಲೇ ಇತ್ತು. ನಾನು ರಾತ್ರಿಯೆಲ್ಲ ಅವಳು ಬಾವಿಲಿದಾಳೆ ಅಂತಲೇ ಮಲಗಿದೀನಿ, ಈಗ ನೀನು ಬೇರೆ ಹೇಳಿದ್ರೆ?" ಊರಿನಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಲು ನನಗಿದ್ದ ಜಾಗ ಅದೊಂದೇ.

ಸೋಮಯ್ಯನವರು ಒಂದು ಸಂಜೆ ಯಾರದೋ ಕೊಡೆ ಬಿಚ್ಚಿ ನೋಡುತ್ತಿದ್ದವರು ಹಾಗೇ ಮರಕ್ಕೆ ಒರಗಿಕೊಂಡು ಹೋಗಿಬಿಟ್ಟರು. ಕೊಡೆ ಬಿಚ್ಚಿಕೊಂಡೇ ಇತ್ತು, ಅದಕ್ಕೆ ಬಹಳ ಹೊತ್ತು ಯಾರಿಗೂ ತಿಳಿಯಲಿಲ್ಲ. ಹೆಣ ಬೀದಿಯಲ್ಲಿ ಹೋಗುವುದರಿಂದ ಸತ್ತ ಸುದ್ದಿ ಎಲ್ಲರಿಗೂ ಗೊತ್ತಾಯಿತು, ಎಲ್ಲರೂ ಬಂದು ನಿಂತರು. ಆದರೆ ಹದಿಮೂರನೆಯ ದಿನದ ಊಟಕ್ಕೆ ಕರೆಯಬೇಕು. ಕರೆಯದೆ ಯಾರೂ ಬರುವುದಿಲ್ಲ, ಬರಲೂಬಾರದು. ನಾನು ಆಗ ಪಕ್ಕದೂರಿನ ಒಂದು ಮದುವೆಗೆ ಅಮ್ಮನ ಜೊತೆ ಹೋಗಿದ್ದೆ. ಅತ್ತೆ ತಾವೇ ಹೊರಟು, ಊರಿನ ಮೇಲಿನ ಕೇರಿ, ಕೆಳಗಿನ ಕೇರಿ ಎಲ್ಲ ಸುತ್ತಿ, ಪ್ರತಿ ಮನೆಯ ಮುಂದೂ ನಿಂತು ಒಂದೇ ಮಾತು ಹೇಳಿದರು: "ನಮ್ಮವರು ಹೋದರು. ಹದಿಮೂರನೇ ದಿನ ಊಟಕ್ಕೆ ಬಂದುಹೋಗಿ." ಸಾವಿನ ಮನೆಯ ಕರೆಗೆ ಒಳಗಿನಿಂದ ಉತ್ತರ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಒಳಗೆ ಹೋದದ್ದು ಯಾವುದು, ಹಿತ್ತಲಿಗೆ ಹೋದದ್ದು ಯಾವುದು ಅಂತ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮೊದಲು ಹೇಳಿದ ಐದಾರು ಮನೆಯವರು ಬಂದರು. ಊರಿಗೆಲ್ಲ ಮಾಡಿದ ಅಡುಗೆಯ ಮುಂದೆ ಐದಾರು ಮನೆಯವರು ಕೂತು, ತಮ್ಮ ಎರಡೂ ಪಕ್ಕದ ಖಾಲಿ ಎಲೆ ನೋಡಿಕೊಂಡು, ಬೇಗಬೇಗ ಉಂಡು ಎದ್ದುಹೋದರು. ಉಳಿದದ್ದನ್ನು ಅತ್ತೆ ಒಬ್ಬರೇ ಹೊತ್ತು ಹೊತ್ತು ಹೊಳೆಗೆ ಹಾಕಿಬಂದರು. ಮೀನು ದಿನಗಟ್ಟಲೆ ದಡದಲ್ಲೇ ಕಾದಿದ್ದವು ಅಂತ ಅಗಸರ ನಂಜವ್ವ ಹೇಳಿದಳು.

ನಾನು ವಾಪಸು ಬಂದವಳೇ ಓಡಿದೆ. "ಅತ್ತೆ, ಅದು ಜೊಳ್ಳುಗುಂಡಿಗೆ ಬಿದ್ದಿರುತ್ತೆ. ನೀವು ಎಲ್ಲರಿಗೂ ಒಂದೇ ಥರ ಹೇಳಿದ್ರಂತೆ. ಬದಲಿಸಿ ಹೇಳ್ಬೇಕಿತ್ತು."

ಅವರು ಒಗೆದ ಬಟ್ಟೆ ಕೊಡವುತ್ತಿದ್ದರು. "ಏನಂತ ಬದಲಿಸ್ಲಿ? ಒಂದು ಮನೇಲಿ ಸತ್ತರು ಅನ್ನೋದು, ಇನ್ನೊಂದು ಮನೇಲಿ ಸ್ವಲ್ಪ ಸತ್ತರು ಅನ್ನೋದಾ?"

"ಹಾಗಲ್ಲ…"

"ಬಳೆಯವನ ಕೂಗನ್ನ ತಡೆಯೋ ಹೊಸ್ತಿಲು ನನ್ನ ಮಾತನ್ನ ಯಾಕೆ ತಡೆಯುತ್ತೆ? ನಾನೇನು ಮಾರೋಕೆ ಹೋಗಿದ್ನಾ? ಇಷ್ಟ ಇರಲಿಲ್ಲ, ಬರಲಿಲ್ಲ. ಹೊಸ್ತಿಲಿನ ಮೇಲೆ ಹಾಕೋದು ಯಾಕೆ?"

ಅಲ್ಲಿಂದ ಮೇಲೆ ಅವರು ಯಾರ ಮುಖವನ್ನೂ ನೋಡಲಿಲ್ಲ. ಆ ಬೇಸಿಗೆಯಲ್ಲಿ ಯಾರ ಬಾಗಿಲಲ್ಲೂ ಭರಣಿ ಕಾಣಲಿಲ್ಲ. ಊರಿನ ಕೋಪವೂ ಕಡಿಮೆಯದಲ್ಲ. ನಮ್ಮ ಎದುರುಮನೆಯ ಪಾಪಣ್ಣಮಾವನಿಗೆ ಎಲ್ಲರಿಗಿಂತ ಹೆಚ್ಚು. ಸೋಮಯ್ಯನವರ ಪಕ್ಕ ಹುಣಸೆಮರದ ಕೆಳಗೆ ಕೂತು ದಿನಾ ಎಲೆಅಡಿಕೆ ಹಾಕಿದವನು ಅವನು.

"ಅವನ ಹೆಣಕ್ಕೆ ಹೆಗಲು ಕೊಟ್ಟೋನು ನಾನು. ಊಟಕ್ಕೆ ನಾನು ಬೇಡವಾದೆ. ಕರೀದೆ ಹೋಗೋಕೆ ನಾವೇನು ಕಾಗೆಗಳಾ?"

"ಕರೆದಿದಾರೆ ಮಾವ. ನಿಮ್ಮ ಗುಂಡಿ ಒಂದು ಸಲ ನೋಡಿ."

"ಗುಂಡಿ ನೋಡೋಕೆ ನನಗೆ ಬೇರೆ ಕೆಲಸ ಇಲ್ವಾ? ಅದರಲ್ಲಿ ಇರೋದೆಲ್ಲ ಪುಕ್ಕಟೆ ಪುಕ್ಕಟೆ ಅಂತ ಬಾಯಿ ಬಡ್ಕೊಳ್ಳೋದು."

ನಾನು ಬಿಡಲಿಲ್ಲ. ಹಿತ್ತಲಿಗೆ ಎಳೆದುಕೊಂಡು ಹೋಗಿ ಕೋಲು ಕೈಗೆ ಕೊಟ್ಟೆ. ಅವನು ಗೊಣಗುತ್ತ ಕೆದಕಿದ. ಚಾಪೆಯವನು ಎದ್ದ, ಎಣ್ಣೆಗಾಣದವನು ಎದ್ದ, ಕಿವಿ ಗುಗ್ಗೆ ತೆಗೆಯುವವನು ಎದ್ದ. ಅದರ ಕೆಳಗಿನಿಂದ, ಒದ್ದೆ ಎಲೆಯ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹಾಗೆ, ಮೆಲ್ಲಗೆ ಬಂತು: "ನಮ್ಮವರು ಹೋದರು. ಹದಿಮೂರನೇ ದಿನ ಊಟಕ್ಕೆ ಬಂದುಹೋಗಿ."

ಪಾಪಣ್ಣಮಾವ ಕೋಲನ್ನು ಗೋಡೆಗೆ ಒರಗಿಸಿದ. ಹೆಗಲ ಮೇಲಿನ ಟವಲಿನಿಂದ ಕತ್ತು ಒರೆಸಿಕೊಂಡ.

"ಹೋಗಿ ಹೇಳಿ ಮಾವ, ಈಗ ಸಿಕ್ತು ಅಂತ."

"ಏನಂತ ಹೇಳೋದು? ಆರು ತಿಂಗಳಾದಮೇಲೆ ಹೋಗಿ, ಅಮ್ಮಾ, ನಾನು ಗುಂಡಿ ನೋಡಿರಲಿಲ್ಲ, ಇವತ್ತು ಊಟ ಉಂಟಾ ಅನ್ಲಾ? ಸುಮ್ನಿರು." ಗುಂಡಿಯ ಮೇಲೆ ಒಂದು ಹಿಡಿ ಒಣ ಎಲೆ ಎಳೆದ. "ಯಾರಿಗೂ ಹೇಳ್ಬೇಡ, ನನಗೆ ಸಿಕ್ತು ಅಂತ."

ಹೀಗೇ ನಾನು ಇನ್ನೂ ಹಲವರ ಹಿತ್ತಲಿನಲ್ಲಿ ಕೋಲು ಆಡಿಸಿದೆ. ಎಲ್ಲರ ಗುಂಡಿಯಲ್ಲೂ ಇತ್ತು. ಎಲ್ಲರೂ ಯಾರಿಗೂ ಹೇಳಬೇಡ ಅಂದರು. ಸ್ವಲ್ಪ ದಿನದಲ್ಲಿ ಕರೆ ಬಂದಿತ್ತು ಅನ್ನುವುದು ಊರಿಗೆಲ್ಲ ಗೊತ್ತಿತ್ತು, ಊರಿಗೆ ಗೊತ್ತು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೊದಲು ಕೋಪದಿಂದ ಅತ್ತೆಯ ಬೀದಿಗೆ ಹೋಗದಿದ್ದವರು ಈಗ ನಾಚಿಕೆಯಿಂದ ಹೋಗುತ್ತಿರಲಿಲ್ಲ. ಅತ್ತೆಯ ಕಡೆಯಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತಿತ್ತು.

ವರ್ಷದ ತಿಥಿ ಹತ್ತಿರ ಬರುತ್ತಿದ್ದಾಗ ಅತ್ತೆ ನನ್ನನ್ನು ಕೂರಿಸಿಕೊಂಡು ಹೇಳಿದರು. "ತಿಥಿ ಮುಗಿಸಿ ಮಾರನೇ ದಿನ ನಮ್ಮ ತಮ್ಮನ ಊರಿಗೆ ಹೋಗ್ತೀನಿ. ಸಾಮಾನಿಗೆ ಗಾಡಿ ಕಳಿಸ್ತೀನಿ ಅಂದಿದಾನೆ."

"ಯಾವಾಗ ಬರ್ತೀರಿ?"

"ಬರೋದೇನಿದೆ? ಅವರು ಇದ್ದರು, ಇದ್ದೆ. ನನ್ನನ್ನ ಬೇಡ ಅಂದೋರ ಮಧ್ಯೆ ಹಪ್ಪಳ ಒಣಗಿಸಿಕೊಂಡು ಯಾಕೆ ಕೂತಿರ್ಲಿ?"

ನಾನು ಬತ್ತಿ ಹೊಸೆಯುತ್ತಿದ್ದೆ, ಹೊಸೆದದ್ದು ಬಿಚ್ಚಿಹೋಯಿತು. "ಅತ್ತೆ, ತಿಥಿಗೆ ನಾನು ಕರೀತೀನಿ. ನನ್ನ ಕೆಲಸ ಅದು. ಒಬ್ಬರೂ ತಪ್ಪಿಸಲ್ಲ ಹಾಗೆ ಕರೀತೀನಿ."

"ಏನಂತ ಕರೀತೀಯ? ಸೋಮಯ್ಯ ಸಾಯೋವಾಗ ನಿಮ್ಮ ಹೆಸರೇ ಹೇಳಿ ಸತ್ತರು ಅಂತಲಾ?"

ನಾನು ನಿಜಕ್ಕೂ ಅದನ್ನೇ ಯೋಚಿಸಿದ್ದೆ.

"ಬೇಡ. ಅವರಿಗೆ ಎಲ್ಲರೂ ಒಂದೇ ಆಗಿದ್ರು. ಹರಿದ ಕೊಡೆ, ಹೊಸ ಕೊಡೆ ಅಂತ ನೋಡ್ತಿರಲಿಲ್ಲ. ಒಂದು ಮನೆಗೊಂದು ಬಣ್ಣ ಬಳಿದು ಕರೆಯೋದಾದ್ರೆ ಬೇಡವೇ ಬೇಡ. ನಾನು, ನೀನು, ಕಾಗೆ. ಸಾಕು. ಕರೀಬಾರದು. ನನ್ನ ಮೇಲೆ ಆಣೆ."

ಆಣೆ ಹಾಕಿಬಿಟ್ಟರು. ನಾನು ಮನೆಗೆ ಬಂದು ಊಟ ಮಾಡದೆ ಮಲಗಿದೆ. ಅಮ್ಮ ಬಂದು ಎಬ್ಬಿಸಿ, ಹೋಗುವವರನ್ನು ಹಿಡಿದುಕೊಳ್ಳಲು ಆಗುತ್ತದೆಯೇ ಅಂತೇನೋ ಹೇಳಿ, ತಾನೂ ಸರಿಯಾಗಿ ಊಟ ಮಾಡದೆ ಕೈ ತೊಳೆದಳು. ನಮ್ಮ ಗುಂಡಿಯಲ್ಲೂ ಆ ಕರೆ ಇತ್ತು.

ತಿಥಿಯ ಹಿಂದಿನ ದಿನ ಬೆಳಿಗ್ಗೆ ಗಾಡಿ ಬಂದುಬಿಟ್ಟಿತು. ಗಾಡಿಯವನು ದಿನ ಎಣಿಸುವುದರಲ್ಲಿ ಹೆಚ್ಚುಕಮ್ಮಿ ಮಾಡಿಕೊಂಡಿದ್ದ. ಅತ್ತೆ ಬಾವಿಗೆ ಹೋಗಿದ್ದರು, ನಾನು ಕೂಡ ಅಲ್ಲಿರಲಿಲ್ಲ. ಅವನು ಕೆಲಸದ ಮನುಷ್ಯ. ಕಟ್ಟಿಟ್ಟಿದ್ದನ್ನೂ ಕಟ್ಟದೆ ಇದ್ದದ್ದನ್ನೂ, ಕೊಡ ಕೊಳಗ ಸೌಟು ಜರಡಿ ಎಲ್ಲವನ್ನೂ ಗಾಡಿಗೆ ಹೇರಿ, ಒರಳುಕಲ್ಲನ್ನೂ ಹೇಗೋ ಉರುಳಿಸಿ ಹಾಕಿಕೊಂಡು, ಹೊಗೆಯಾಡುತ್ತಿದ್ದ ಒಲೆಯ ಮೇಲಿನ ಬಾಣಲೆಯನ್ನೂ ಇಳಿಸಿಕೊಂಡು ಹೊರಟುಹೋಗಿದ್ದ. ಅತ್ತೆ ಬಂದು ನೋಡಿದಾಗ ಮನೆಯಲ್ಲಿ ಉಳಿದದ್ದು ಕೈಯಲ್ಲಿದ್ದ ಬಿಂದಿಗೆ, ಅಕ್ಕಿಬೇಳೆಯ ಚೀಲಗಳು, ಗಂಡನ ಒಂದು ಕೊಡೆ.

"ನಾಳೆ ಪಿಂಡಕ್ಕೆ ಅನ್ನ ಯಾವುದರಲ್ಲಿ ಬೇಯಿಸ್ಲಿ?" ಅಂದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಮ್ಮ ಮನೆಯಿಂದ ತರ್ತೀನಿ ಅತ್ತೆ."

ಅಮ್ಮ ಕೇಳಿ, "ಹಾಲಿನ ಪಾತ್ರೆ ಕೊಡ್ತೀನಿ, ಪಾಯಸಕ್ಕಾಗುತ್ತೆ. ಉಳಿದದ್ದೆಲ್ಲ ಕೊಟ್ಟರೆ ನಾವು ಅಂಗೈಯಲ್ಲಿ ಬೇಯಿಸಿಕೊಳ್ಳೋದಾ?" ಅಂದಳು. ಆಮೇಲೆ, "ಬೇಕಾದೋರು ಬಂದು ಕೇಳಬೇಕು. ಕರೆಯೋಕೆ ಇನ್ನೊಬ್ಬರನ್ನ ಕಳಿಸಬಹುದು, ಕೇಳೋಕೆ ಕಳಿಸೋ ಹಾಗಿಲ್ಲ. ಅದು ನಿನಗೂ ಗೊತ್ತು, ಅವಳಿಗೂ ಗೊತ್ತು."

ಗೊತ್ತಿತ್ತು. ನಮ್ಮೂರಿನಲ್ಲಿ ಸಾಮಾನು ಕೊಡುವುದು ಕೇಳಿದ ಕೈಗೆ ಮಾತ್ರ. ಅತ್ತೆ ಬಹಳ ಹೊತ್ತು ಬರಿ ಅಡುಗೆಮನೆಯಲ್ಲಿ ನಿಂತಿದ್ದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹೊರಟರು. ಗಂಡ ಹೋದ ಮೇಲೆ ಅವರು ಬೇರೆಯವರ ಬಾಗಿಲಿಗೆ ಹೊರಟದ್ದು ಅದೇ ಎರಡನೇ ಸಲ. ನಾನು ಹಿಂದೆ ಹಿಂದೆ ಹೋದೆ.

ಮೊದಲು ನಮ್ಮ ಮನೆ. ಬೀದಿಯಲ್ಲಿ ನಿಂತರು. ಸಿಕ್ಕಿಸಿದ್ದ ಸೆರಗನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡರು. "ಪಾಯಸಕ್ಕೆ ಒಂದು ಪಾತ್ರೆ ಬೇಕಿತ್ತು."

"ಆಯ್ತು, ಬನ್ನಿ," ಅಮ್ಮ ಒಳಗಿನಿಂದ ಅಂದಳು. ಬಾಗಿಲ ಹಿಂದೆಯೇ ಪಾತ್ರೆ ಹಿಡಿದುಕೊಂಡು ನಿಂತಿದ್ದಳು.

ಮುಂದಿನ ಮನೆಯಲ್ಲಿ ತುರಿಮಣೆ ಕೇಳಿದರು. ಅದರ ಮುಂದಿನದರಲ್ಲಿ ಸೌಟು, ಆಮೇಲೆ ಜರಡಿ, ಹಿಟ್ಟು ಕಲಸುವ ಪರಾತ, ಕಡೆಗೋಲು, ಒಗ್ಗರಣೆ ಹುಟ್ಟು. ಯಾರ ಹತ್ತಿರವೂ ಎರಡೆರಡು ಇರಲಿಲ್ಲ, ಹಾಗಾಗಿ ಒಂದು ಮನೆಯಲ್ಲಿ ಒಂದೇ ಕೇಳಬೇಕು. ಇನ್ನೊಂದು ಬೇಕಾದರೆ ಇನ್ನೊಂದು ಮನೆ. ಅವರು ಮಾತನ್ನು ಬದಲಿಸಬೇಕು ಅಂತ ಬದಲಿಸಲಿಲ್ಲ, ಇಲ್ಲದೆ ಇದ್ದದ್ದೇ ಮನೆಮನೆಗೆ ಬೇರೆಯಾಗಿತ್ತು. ಒಂದು ಹೊಸ್ತಿಲೂ ತಡೆಯಲಿಲ್ಲ. ಎಲ್ಲ ಕಡೆಯೂ "ಆಯ್ತು" ಅಂತ ಬಂತು, ಒಂದೆರಡು ಕಡೆ ಕೇಳಿ ಮುಗಿಯುವ ಮೊದಲೇ ಬಂತು.

ಪಾಪಣ್ಣಮಾವನ ಮನೆಯ ಮುಂದೆ, "ಅನ್ನಕ್ಕೆ ಒಂದು ಸಣ್ಣ ತಪ್ಪಲೆ ಇದ್ರೆ ಕೊಡಿ" ಅಂದರು. ಅವನು ಅಟ್ಟ ಹತ್ತಿ, ಮಗಳ ಮದುವೆಗೆ ತೆಗೆದುಕೊಂಡಿದ್ದ, ಎರಡು ಕೈಗೂ ಸಿಗದಂಥ ಕೊಳಗವನ್ನು ಇಳಿಸಿ ತಂದ.

"ಸಣ್ಣದು ಕೇಳಿದೆ ಅಣ್ಣಾ."

"ಸಣ್ಣದು ತೂತಾಗಿದೆ," ಅಂದ ಪಾಪಣ್ಣಮಾವ, ನೆಲ ನೋಡಿಕೊಂಡು. "ಇದರಲ್ಲೇ ಮಾಡಿ. ತೀರ ಕಮ್ಮಿ ಅಕ್ಕಿ ಹಾಕಿದ್ರೆ ಇದು ತಳ ಹಿಡಿಯುತ್ತೆ, ನೋಡಿ ಹಾಕಿ." ಅವನೇ ಹೊತ್ತು ತಂದು ಅತ್ತೆಯ ಜಗಲಿಯ ಮೇಲಿಟ್ಟು, ಒಳಗೆ ಬರದೆ ಹೋದ.

ಸಂಜೆ ಅಮ್ಮ ನೋಡುತ್ತಾಳೆ, ಹಾಲಿನ ಪಾತ್ರೆಯ ಮುಚ್ಚಳ ನಮ್ಮಲ್ಲೇ ಉಳಿದಿದೆ. ನಾನು ಅದನ್ನು ತೆಗೆದುಕೊಂಡು ಹೋದೆ. ಅತ್ತೆ ಹಿತ್ತಲಿನಲ್ಲಿ ಬಾಳೆಲೆ ಕೊಯ್ಯುತ್ತಿದ್ದರು. ಅವರಿಗೆ ಹೇಳದೆ ಮುಚ್ಚಳವನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಬಂದೆ.

ತಿಥಿಯ ದಿನ ಅತ್ತೆ ಕೊಳಗದ ಅಳತೆಗೆ ಅಕ್ಕಿ ಹಾಕಬೇಕಾಯಿತು. ಅನ್ನ ಅಷ್ಟಾದಮೇಲೆ ಸಾರು ಅದಕ್ಕೆ ತಕ್ಕಷ್ಟು, ಪಲ್ಯ ಸಾರಿಗೆ ತಕ್ಕಷ್ಟು. "ಯಾರು ತಿನ್ನೋದು ಇದನ್ನ? ಮತ್ತೆ ಹೊಳೆಗೇ ಹೊರಬೇಕಾ?" ಅಂತ ಬೈದುಕೊಳ್ಳುತ್ತಲೇ ಮಾಡಿದರು. ಪಿಂಡವಿಟ್ಟರು. ಕಾಗೆ ಬಂದು ಒಂದು ಅಗುಳು ಕಚ್ಚಿಕೊಂಡು ಹೋಗಿ, ಮತ್ತೊಂದಿಷ್ಟು ಕಾಗೆ ಕರೆತಂದಿತು. ಕಾಗೆ ಎಲ್ಲರನ್ನೂ ಒಂದೇ ಥರ ಕರೆಯುತ್ತದೆ, ಎಲ್ಲವೂ ಬರುತ್ತವೆ.

ನನಗೆ ಆಗ ಹೊಳೆಯಿತು. "ಅತ್ತೆ, ಒಂದು ಗಳಿಗೆ ಹೋಗಿಬರ್ತೀನಿ."

"ಎಲ್ಲಿಗೆ? ಆಣೆ ನೆನಪಿದೆ ತಾನೆ?"

"ಕರೆಯಲ್ಲ ಅತ್ತೆ."

ನಾನು ಕರೆಯಲಿಲ್ಲ. ಒಂದು ಮನೆಯ ಮುಂದೆ ನಿಂತು, "ನಿಮ್ಮ ತುರಿಮಣೆ ಅತ್ತೆ ಮನೇಲಿದೆ, ನಾಳೆ ಅವರು ಊರು ಬಿಡ್ತಾರೆ" ಅಂದೆ. ಇನ್ನೊಂದರ ಮುಂದೆ, "ನಿಮ್ಮ ಜರಡಿ." ಮತ್ತೊಂದರ ಮುಂದೆ, "ಕಡೆಗೋಲು ಬೇಕಾದ್ರೆ ಈಗಲೇ ಹೋಗಬೇಕು." ನನ್ನ ಕಸುಬಿನಲ್ಲಿ ಒಂದು ಚೂರೂ ಸುಳ್ಳು ಬೆರೆಸದೆ ಊರೆಲ್ಲ ಸುತ್ತಿದ್ದು ಅವತ್ತೊಂದೇ ದಿನ. ನಾಲಿಗೆ ಹಗುರವಾಗಿ ನಡಿಗೆಯೇ ಬೇರೆಯಾಗಿತ್ತು.

ಎಲ್ಲರಿಗಿಂತ ಮೊದಲು ಬಂದದ್ದು ಪಾಪಣ್ಣಮಾವ. ಒಗೆದ ಪಂಚೆ ಉಟ್ಟಿದ್ದ, ಹಣೆಗೆ ವಿಭೂತಿ ಹಚ್ಚಿದ್ದ. ಪಾತ್ರೆ ತೆಗೆದುಕೊಂಡು ಹೋಗಲು ಬರುವವರು ಹಾಗೆ ಬರುವುದಿಲ್ಲ.

"ಕೊಳಗ ಬೇಕಾಗಿತ್ತು," ಅಂದ, ಬಾಗಿಲಲ್ಲಿ ನಿಂತು.

ಅತ್ತೆ ಅವನನ್ನು ನೋಡಿದರು. "ಅನ್ನ ಇದೆಯಲ್ಲ ಅದರಲ್ಲಿ."

"ಖಾಲಿಯಾಗೋ ತನಕ ಕಾಯ್ತೀನಿ."

"ಅದು ಖಾಲಿಯಾಗೋ ಅಷ್ಟು ಇದೆಯಾ? ನೀವು ಕೊಟ್ಟ ಕೊಳಗ ಅದು."

"ಅವಸರ ಇಲ್ಲ."

ಅಷ್ಟರಲ್ಲಿ ಸೌಟಿನವರು ಬಂದರು, ಗಂಡಹೆಂಡತಿ ಇಬ್ಬರೂ. ಒಂದು ಸೌಟಿಗೆ ಇಬ್ಬರು. ಜರಡಿಗೆ ಆ ಮನೆಯ ಅತ್ತೆಸೊಸೆಯರು, ಜೊತೆಗೆ ಕೈಕೂಸು. ತುರಿಮಣೆ ಹೊರಲು ಒಂದು ಇಡೀ ಮನೆ. ಎಲ್ಲರೂ ಮಡಿಬಟ್ಟೆಯಲ್ಲಿದ್ದರು. ಎಲ್ಲರೂ ತಂತಮ್ಮ ಸಾಮಾನಿನ ಹೆಸರು ಹೇಳಿ ಗೋಡೆಗೆ ಒರಗಿ ನಿಂತರು. ಯಾರೂ ಹೋದ ವರ್ಷದ ಮಾತು ಎತ್ತಲಿಲ್ಲ, ಗುಂಡಿಯ ಮಾತೂ ಎತ್ತಲಿಲ್ಲ.

ಅತ್ತೆ ಅವರನ್ನೆಲ್ಲ ನೋಡಿ, ನನ್ನ ಕಡೆ ತಿರುಗಿದರು. ನಾನು ಮೇಲೆ ಸೂರು ನೋಡಿದೆ.

"ಕಾಯೋರು ನಿಂತ್ಕೊಂಡಾ ಕಾಯೋದು?" ಅಂದರು. "ಕೂತ್ಕೊಳ್ಳಿ. ಎಲೆ ಹಾಕೇ, ಇವಳೇ."

ಎಲೆ ಹಾಕಿದೆ. ಒಂದು ಎಲೆಯೂ ಖಾಲಿ ಉಳಿಯಲಿಲ್ಲ. ಬಡಿಸುವುದಕ್ಕೆ ಸೌಟಿನವರೇ ಎದ್ದರು, ಸೌಟು ಅವರದು ಅಂತ. ಪಾಪಣ್ಣಮಾವ ಮೂರು ಸಲ ಅನ್ನ ಹಾಕಿಸಿಕೊಂಡು, ಪಾಯಸ ಬಂದಾಗ ಎಲೆಯ ಮೇಲೆ ಬಗ್ಗಿ ಬಹಳ ಹೊತ್ತು ತಲೆ ಎತ್ತಲಿಲ್ಲ. "ಉಪ್ಪು ಸರಿಯಾಗಿದೆಯಾ ಅಣ್ಣಾ?" ಅತ್ತೆ ಕೇಳಿದರು. "ಸರಿಯಾಗಿದೆ," ಅಂದ, "ಸೋಮಯ್ಯ ಇದ್ದಿದ್ರೆ ಸ್ವಲ್ಪ ಜಾಸ್ತಿಯಾಯ್ತು ಅಂತಿದ್ದ." ಅತ್ತೆ ಪಾಯಸದ ಪಾತ್ರೆ ಹಿಡಿದುಕೊಂಡೇ ನಕ್ಕರು. ಪಾಯಸಕ್ಕೆ ಉಪ್ಪು ಎಲ್ಲಿಂದ ಬಂತು ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಕೊಳಗ ಖಾಲಿಯಾಯಿತು. ಹೆಂಗಸರು ಕೂತು ಎಲ್ಲವನ್ನೂ ತೊಳೆದರು. ಅವರವರ ಸಾಮಾನು ಅವರವರು ಹೊತ್ತುಕೊಂಡು ಹೋಗುವಾಗ "ಬರ್ತೀವಿ" ಅಂದರು, ಪಾತ್ರೆಯ ವಿಷಯಕ್ಕೆ ಬಂದವರು ಹೇಳುವ ಹಾಗೆ.

ಮಾರನೇ ಬೆಳಿಗ್ಗೆ ನಾನು ಹೋದಾಗ ಅತ್ತೆ ಹೊರಡುವ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ಕಂಕುಳಲ್ಲಿ ಕೊಡೆ, ತೊಡೆಯ ಮೇಲೆ ಒಂದು ಹಿತ್ತಾಳೆ ಮುಚ್ಚಳ.

"ಇದು ಗೂಡಿನಲ್ಲಿತ್ತು. ಯಾರದೋ ಉ‍ಳಿದುಹೋಗಿದೆ. ನಾನು ಯಾರ ಹತ್ತಿರಾನೂ ಮುಚ್ಚಳ ಕೇಳಿದ ನೆನಪಿಲ್ಲ."

ನಮ್ಮದು ಅನ್ನುವ ಬದಲು ನಾನು ಜಗಲಿಯ ಮೇಲಿನ ಧೂಳು ಕೈಯಿಂದ ಒರೆಸಿದೆ.

"ಬೇರೆಯವರ ಮುಚ್ಚಳ ಇಟ್ಟುಕೊಂಡು ಊರು ಬಿಡೋಕಾಗುತ್ತಾ? ಕೊಟ್ಟು ಹೋಗ್ತೀನಿ," ಅಂತ ಎದ್ದರು.

ಮೇಲಿನ ಕೇರಿಯ ಮೊದಲ ಮನೆಯಿಂದ ಶುರುಮಾಡಿದರು. "ಈ ಮುಚ್ಚಳ ನಿಮ್ಮದಾ?" ಒಳಗಿನಿಂದ, "ನಮ್ಮದಲ್ಲ, ಬನ್ನಿ, ಕಾಫಿ ಆಗ್ತಿದೆ." ಮುಂದಿನ ಮನೆ, "ಈ ಮುಚ್ಚಳ ನಿಮ್ಮದಾ?" ಅದರ ಮುಂದಿನದು, "ಈ ಮುಚ್ಚಳ ನಿಮ್ಮದಾ?" ನಾನು ಹಿಂದೆ ನಡೆಯುತ್ತ ಐದಾರು ಮನೆ ದಾಟುವ ಹೊತ್ತಿಗೆ ಉಸಿರು ಹಿಡಿದೆ. ಒಂದಕ್ಷರ ಬದಲಿಸದೆ ಅದೇ ಮಾತು. ಮುಂದಿನ ಹೊಸ್ತಿಲು ಒಳಗೆ ಬಿಟ್ಟಿತು. ಅದರ ಮುಂದಿನದೂ ಬಿಟ್ಟಿತು. ಅಜ್ಜಿ ಇದ್ದಿದ್ದರೆ ಇದನ್ನು ಯಾವ ಕಥೆಗಾದರೂ ಸೇರಿಸುತ್ತಿದ್ದಳು. ಊರಿನ ಕೊನೆಯ ಮನೆಯವರೆಗೂ ಎಲ್ಲ ಹೊಸ್ತಿಲೂ ಆ ಒಂದೇ ಮಾತನ್ನು ಒಳಗೆ ಬಿಟ್ಟವು, ಎಲ್ಲ ಮನೆಯಿಂದಲೂ "ನಮ್ಮದಲ್ಲ" ಅಂತ ಬಂತು. ಸಂಜೆಯಾಯಿತು. ಅವತ್ತು ಹೊರಡಲಾಗಲಿಲ್ಲ.

ನಮ್ಮ ಮನೆಗೂ ಬಂದರು. ಅಮ್ಮ ಒಳಗೆ ಕರೆದು ಮಣೆ ಹಾಕಿದಳು. ಅತ್ತೆ ಮುಚ್ಚಳ ಎತ್ತಿ ತೋರಿಸಿದರು. ಒಲೆಯ ಪಕ್ಕದಲ್ಲೇ ಹಾಲಿನ ಪಾತ್ರೆ ಇತ್ತು, ಅದರ ಮೇಲೆ ಒಂದು ತಟ್ಟೆ ಮುಚ್ಚಿತ್ತು. ತಟ್ಟೆ ಪಾತ್ರೆಗಿಂತ ದೊಡ್ಡದು, ಒಂದು ಕಡೆಗೆ ವಾಲಿತ್ತು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿದರು.

"ನಿಮ್ಮದಲ್ಲ ತಾನೆ?"

"ನಮ್ಮದಲ್ಲ," ಅಂದಳು ಅಮ್ಮ.

"ಹಂಗಾದ್ರೆ ಕೆಳಗಿನ ಕೇರೀಲಿ ಇನ್ನೊಂದು ಸಲ ಕೇಳಬೇಕು," ಅಂತ ಅತ್ತೆ ಮುಚ್ಚಳವನ್ನು ಸೆರಗಿನಲ್ಲಿ ಒರೆಸಿಕೊಂಡು, "ಸ್ವಲ್ಪ ಹೆಪ್ಪು ಇದ್ರೆ ಕೊಡಿ," ಅಂದರು.

ಈಗಲೂ ಕೇಳುತ್ತಿದ್ದಾರೆ. ಅತ್ತೆಯ ಪಾತ್ರೆಗಳನ್ನು ಅವರ ತಮ್ಮನೇ ಗಾಡಿಯಲ್ಲಿ ವಾಪಸು ಕಳಿಸಿದ. ಹೋದ ಬೇಸಿಗೆಯಲ್ಲಿ ಎಲ್ಲರ ಬಾಗಿಲಲ್ಲೂ ಭರಣಿ ಬಂತು. ಮುಚ್ಚಳದ ಯಜಮಾನರು ಸಿಕ್ಕ ದಿನ ಹೊರಡುವುದು ಅಂತ ಅತ್ತೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಾಲಿಗೆ ತಟ್ಟೆಯೇ ಮುಚ್ಚುತ್ತೇವೆ. ಬೆಕ್ಕು ಎರಡು ಮೂರು ಸಲ ತಟ್ಟೆ ಸರಿಸಿ ಹಾಲು ಕುಡಿದಿದೆ. ಅಮ್ಮ ಏನೂ ಅಂದಿಲ್ಲ.